ಬ್ರೋಕರ್ ಇಲ್ಲದೆ ಕಾಸರಗೋಡಿನಲ್ಲಿ ಮನೆ ಮಾರುವುದು ಹೇಗೆ: ಕಡತದಿಂದ ಕೀಲಿಕೈವರೆಗೆ

ಅಪ್ಪ ತೀರಿಹೋದ ಮೇಲೆ ಬದಿಯಡ್ಕದ ಹತ್ತಿರದ ನಮ್ಮ ಮನೆ ಮಾರುವುದು ಎಂದು ತೀರ್ಮಾನವಾಯಿತು. ಅಮ್ಮನಿಗೆ ಒಬ್ಬರೇ ಇರಲು ಆಗುತ್ತಿರಲಿಲ್ಲ. ಮಾರನೆ ದಿನವೇ ಗೇಟಿನ ಕಂಬಕ್ಕೆ 'ಮನೆ ಮಾರಾಟಕ್ಕಿದೆ' ಎಂಬ ಬೋರ್ಡು ಕಟ್ಟಿದೆವು. ಮೂರು ವಾರದಲ್ಲಿ ಒಳ್ಳೆಯ ಗಿರಾಕಿ ಬಂದರು, ಕ್ರಯವೂ ಕುದುರಿತು. "ಆಧಾರದ ಕಾಪಿ ಕೊಡಿ, ನಮ್ಮ ವಕೀಲರಿಗೆ ತೋರಿಸುತ್ತೇನೆ" ಎಂದರು. ಆಧಾರ ಎಂದರೆ ನಮ್ಮ ಕಡೆ ಜಾಗದ ನೋಂದಾಯಿತ ದಸ್ತಾವೇಜು, ಆಧಾರ್ ಕಾರ್ಡ್ ಅಲ್ಲ. ಆಗ ಅಪ್ಪನ ಕಬ್ಬಿಣದ ಪೆಟ್ಟಿಗೆ ತೆರೆದೆವು. ಆಧಾರದಲ್ಲಿ 15 ಸೆಂಟ್ಸ್ ಇತ್ತು. ತೆರಿಗೆ ರಶೀದಿಯಲ್ಲಿ 5.87 ಆರ್, ಅಂದರೆ ಹದಿನಾಲ್ಕೂವರೆ ಸೆಂಟ್ಸ್. ಅರ್ಧ ಸೆಂಟ್ಸ್ ಯಾವಾಗಲೋ ಪಂಚಾಯತ್ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಆಧಾರ ಅಪ್ಪನ ಹೆಸರಿನಲ್ಲಿ, ತಮ್ಮ ಶಾರ್ಜಾದಲ್ಲಿ. ಅದನ್ನೆಲ್ಲ ಸರಿಮಾಡುವಷ್ಟರಲ್ಲಿ ಐದು ತಿಂಗಳು ಕಳೆಯಿತು, ಗಿರಾಕಿ ಬೇರೆ ಮನೆ ತೆಗೆದುಕೊಂಡರು.

ಎರಡನೇ ಸಲ ಕಡತ ಮೊದಲು, ಬೋರ್ಡು ಆಮೇಲೆ. ಮನೆ ಮಾರಿಯೂ ಆಯಿತು, ಬ್ರೋಕರ್ ಬೇಕಾಗಲಿಲ್ಲ. ಕಮಿಷನ್ ನೂರಕ್ಕೆ ಎರಡು ಎಂದು ಹಿಡಿದರೂ 60 ಲಕ್ಷದ ಮನೆಗೆ 1.2 ಲಕ್ಷ ಆಗುತ್ತದೆ. ಬ್ರೋಕರ್ ಮಾಡುವುದು ಮುಖ್ಯವಾಗಿ ಎರಡು ಕೆಲಸ: ಜನ ಕರೆದುಕೊಂಡು ಬರುವುದು, ಕಾಗದಪತ್ರಕ್ಕೆ ಓಡಾಡುವುದು. ಮೊದಲನೆಯದು ಈಗ ಮೊಬೈಲಿನಲ್ಲೇ ಆಗುತ್ತದೆ. ಎರಡನೆಯದನ್ನು ಸರಿಯಾದ ಕ್ರಮದಲ್ಲಿ ಮಾಡಿದರೆ ನಮ್ಮಿಂದಲೂ ಆಗುತ್ತದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಪೆಟ್ಟಿಗೆ ತೆರೆಯಿರಿ, ಒಂದೊಂದೇ ಕಾಗದ ಓದಿ

ಮೊದಲು ಬೇಕಾದದ್ದು ನಿಮ್ಮ ಮೂಲ ಆಧಾರ. ಅದರ ಹಿಂದಿನ ಆಧಾರಗಳೂ ಬೇಕು. ಕೊಳ್ಳುವವರು ಬ್ಯಾಂಕ್ ಸಾಲ ಮಾಡುವುದಾದರೆ ಸಾಮಾನ್ಯವಾಗಿ 30 ವರ್ಷದ ಸರಪಳಿ ಕೇಳುತ್ತಾರೆ. ನಮ್ಮ ಕಡೆ ಹಳೆಯ ಆಧಾರಗಳು ಕನ್ನಡದಲ್ಲಿರುತ್ತವೆ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರೇ ಅಲ್ವಾ. ಕಣ್ಣೂರು ಕಡೆಯ ಗಿರಾಕಿಯ ವಕೀಲರಿಗೆ ಅದು ಓದಲು ಬರುವುದಿಲ್ಲ. ಆಧಾರ ಬರೆಯುವ ಅನುಭವಸ್ಥರಿಂದ ಮಲಯಾಳಕ್ಕೆ ಅನುವಾದ ಮಾಡಿಸಿ ಇಟ್ಟುಕೊಂಡರೆ ವಾರಗಟ್ಟಲೆ ಉಳಿಯುತ್ತದೆ.

ಆಧಾರದಲ್ಲಿ ಬರೆದ ಚಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿ ವಿವರ) ಕೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಇಳಿಯಿರಿ. ನಮ್ಮ ಆಧಾರದಲ್ಲಿ ಪಡುವಿಗೆ 'ಹಲಸಿನ ಮರ ಇರುವ ದರೆ' ಎಂದಿತ್ತು. ಆ ಮರ ಕಡಿದು ಇಪ್ಪತ್ತು ವರ್ಷವಾಗಿದೆ. ಬುಡ ಮಾತ್ರ ನೆರೆಮನೆಯ ಕೋಳಿಗೂಡಿನ ಕೆಳಗೆ ಸಿಕ್ಕಿತು. ಗೂಡು ನಮ್ಮ ಗಡಿಯಿಂದ ಎರಡು ಅಡಿ ಈಚೆಗಿತ್ತು. ನೆರೆಯವರು ಒಳ್ಳೆಯವರು, ಮಾತಾಡಿದ ಮೇಲೆ ಗೂಡು ಆಚೆ ಇಟ್ಟರು, ಇಬ್ಬರೂ ನಿಂತು ಕಲ್ಲು ಹಾಕಿಸಿದೆವು. ಇದೇ ಮಾತು ಗಿರಾಕಿ ಎದುರಿಗೆ ಬಂದಿದ್ದರೆ ಕಥೆ ಬೇರೆ ಆಗುತ್ತಿತ್ತು.

ಅಳತೆಯ ಲೆಕ್ಕ ಗೊತ್ತಿರಲಿ. ಒಂದು ಸೆಂಟ್ ಅಂದರೆ 435.6 ಚದರ ಅಡಿ. ನೂರು ಸೆಂಟ್ಸಿಗೆ ಒಂದು ಎಕರೆ. ಸರಕಾರಿ ಕಾಗದದಲ್ಲಿ ಬರುವ ಒಂದು ಆರ್ ಅಂದರೆ ಸುಮಾರು 2.47 ಸೆಂಟ್ಸ್. ಆಧಾರಕ್ಕೂ ರಶೀದಿಗೂ ಲೆಕ್ಕ ತಾಳೆಯಾಗದಿದ್ದರೆ, ಕಡಿಮೆ ಇರುವುದನ್ನೇ ಹಿಡಿದು ಮಾತಾಡಿ. ರಾಷ್ಟ್ರೀಯ ಹೆದ್ದಾರಿ 66ಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯ. ಆಧಾರ ಹಳೆಯದೇ ಇರುತ್ತದೆ, ಜಾಗ ಮಾತ್ರ ಕಡಿಮೆಯಾಗಿರುತ್ತದೆ.

ಇನ್ನೊಂದು ವಿಷಯ ನಮ್ಮ ಊರಿನದ್ದೇ: ಕುಮ್ಕಿ. ವರ್ಗ (ಪಟ್ಟಾ) ಜಾಗಕ್ಕೆ ತಾಗಿದ ಕುಮ್ಕಿಯಲ್ಲಿ ಅಜ್ಜನ ಕಾಲದಿಂದ ಸೊಪ್ಪು ಕೊಯ್ದಿರಬಹುದು, ಗೇರು ನೆಟ್ಟಿರಬಹುದು, ಬೇಲಿಯನ್ನೂ ಹಾಕಿರಬಹುದು. ಆದರೆ ಅದು ಸರಕಾರದ ಜಾಗ. ನಮಗೆ ಇದ್ದದ್ದು ಅನುಭೋಗ ಮಾತ್ರ. ಅದನ್ನು ನಿಮ್ಮ ಸೆಂಟ್ಸಿಗೆ ಸೇರಿಸಿ ಹೇಳಬೇಡಿ. ಗಿರಾಕಿಗೆ ಗಡಿ ತೋರಿಸುವಾಗಲೇ "ಇಲ್ಲಿವರೆಗೆ ನಮ್ಮದು, ಆಚೆಗೆ ಕುಮ್ಕಿ" ಎಂದು ಹೇಳಿಬಿಡಿ.

ಗೇಣಿ ಜಾಗವಾಗಿದ್ದು ಭೂಸುಧಾರಣೆಯಲ್ಲಿ ಸಿಕ್ಕಿದ್ದಾದರೆ ಲ್ಯಾಂಡ್ ಟ್ರಿಬ್ಯೂನಲ್ಲಿನ ಪಟ್ಟಯ (ಹಕ್ಕುಪತ್ರ) ಹುಡುಕಿ. ಅದೇ ನಿಮ್ಮ ಮೂಲ. ಸರಕಾರ ಪತಿಚ್ಚು ಕೊಟ್ಟ (ಮಂಜೂರು ಮಾಡಿದ) ಜಾಗ ಅಥವಾ ಮಿಚ್ಚಭೂಮಿ (ಮಿತಿ ಮೀರಿ ಇದ್ದವರಿಂದ ಸರಕಾರ ಪಡೆದು ಹಂಚಿದ ಜಾಗ) ಆದರೆ ಮಾರಾಟಕ್ಕೆ ಷರತ್ತು ಇರುತ್ತದೆ. ಪಟ್ಟಯದ ಷರತ್ತುಗಳನ್ನು ವಕೀಲರಿಗೆ ಓದಿಸದೆ ಮುಂದೆ ಹೋಗಲೇಬೇಡಿ.

2. ವಿಲೇಜ್ ಆಫೀಸ್, ಪಂಚಾಯತ್, ಸಬ್ ರಿಜಿಸ್ಟ್ರಾರ್: ಮೂರು ಬಾಗಿಲು

ವಿಲೇಜ್ ಆಫೀಸಿನಿಂದ ಬೇಕಾದದ್ದು: ಈ ವರ್ಷದ ಭೂತೆರಿಗೆ ರಶೀದಿ, ತಂಡಪೇರ್ ನಂಬರ್ (ಕಂದಾಯ ದಾಖಲೆಯಲ್ಲಿ ಮಾಲಕರ ಖಾತೆ ನಂಬರ್), ಕೈವಶ ಸರ್ಟಿಫಿಕೇಟ್ (ಜಾಗ ನಮ್ಮ ಸ್ವಾಧೀನದಲ್ಲಿದೆ ಎಂಬ ಪತ್ರ), ಲೊಕೇಶನ್ ಸ್ಕೆಚ್. ತೆರಿಗೆಯನ್ನು ಆನ್‌ಲೈನಿನಲ್ಲೇ ಕಟ್ಟಬಹುದು. ಕಂದಾಯ, ನೋಂದಣಿ, ಸರ್ವೆ ಮೂರನ್ನೂ ಒಂದೇ ಕಡೆ ತರುವ 'ಎಂಟೆ ಭೂಮಿ' ಪೋರ್ಟಲ್ 2024ರ ಅಕ್ಟೋಬರ್‌ನಲ್ಲಿ ಶುರುವಾದಾಗ, ಕೇರಳದಲ್ಲೇ ಮೊದಲು ಅದಕ್ಕೆ ಸೇರಿದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮ. ನಿಮ್ಮ ಗ್ರಾಮದಲ್ಲಿ ಡಿಜಿಟಲ್ ಸರ್ವೆ ಮುಗಿದಿದ್ದರೆ ಹೊಸ ಸರ್ವೆಯಲ್ಲಿ ನಿಮ್ಮ ಜಾಗ ಎಷ್ಟು ಬಂದಿದೆ, ಯಾರ ಹೆಸರಿನಲ್ಲಿ ಬಂದಿದೆ ಎಂದು ನೋಡಿ. ತಪ್ಪಿದ್ದರೆ ಈಗಲೇ ತಕರಾರು ಕೊಡಿ.

ಅಲ್ಲಿಯೇ ಬೇಸಿಕ್ ಟ್ಯಾಕ್ಸ್ ರಿಜಿಸ್ಟರಿನಲ್ಲಿ ನಿಮ್ಮ ಜಾಗ 'ಪುರಯಿಡಂ' ಎಂದಿದೆಯೇ 'ನಿಲಂ' ಎಂದಿದೆಯೇ ಕೇಳಿ. ಪುರಯಿಡಂ ಅಂದರೆ ಮನೆ ಕಟ್ಟಬಹುದಾದ ಒಣ ಜಾಗ, ನಿಲಂ ಅಂದರೆ ಗದ್ದೆ. ಎಷ್ಟೋ ಮನೆಗಳು ಹಿಂದೆ ಬೈಲು ಗದ್ದೆಯಾಗಿದ್ದ ಕಡೆ ಎದ್ದಿವೆ. 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾನೂನಿನ ಡೇಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗುಭೂಮಿಗಳ ಪಟ್ಟಿ) ಜಾಗದ ಹೆಸರು ಬಂದಿದ್ದರೆ ಗಿರಾಕಿಯ ಬ್ಯಾಂಕ್ ಹಿಂದೆ ಸರಿಯುವ ಸಾಧ್ಯತೆ ಹೆಚ್ಚು. ಅದನ್ನು ತೆಗೆಸಲು ಫಾರಂ 5ರಲ್ಲಿ, ಸ್ವಭಾವ ಬದಲಿಸಲು ಫಾರಂ 6ರಲ್ಲಿ ಅರ್ಜಿ ಹಾಕಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಕಡತ ಮೊದಲು ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ.

ಪಂಚಾಯತ್ ಕಡೆ ಕಟ್ಟಡ ತೆರಿಗೆ ಕಟ್ಟಿ, ಓನರ್‌ಶಿಪ್ ಸರ್ಟಿಫಿಕೇಟ್ ತೆಗೆಯಿರಿ. ಈಗ ಪಂಚಾಯತ್ ಸೇವೆಗಳ ಆನ್‌ಲೈನ್ ವ್ಯವಸ್ಥೆ ಕೆ-ಸ್ಮಾರ್ಟ್ ಮೂಲಕ ಆಗುತ್ತದೆ. ವಾರ್ಡ್ ವಿಂಗಡಣೆ ಬದಲಾದ ಕಡೆ ಮನೆ ನಂಬರ್ ಬದಲಾಗಿರಬಹುದು, ಹಳೆಯದೂ ಹೊಸದೂ ಎರಡೂ ಬರೆದಿಟ್ಟುಕೊಳ್ಳಿ. ಮೇಲೆ ಶೀಟ್ ಹಾಕಿ ಕೋಣೆ ಮಾಡಿದ್ದರೆ, ಹಿಂದೆ ಅಡುಗೆಮನೆ ಉದ್ದ ಮಾಡಿದ್ದರೆ ಅದು ಪ್ಲಾನಿನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಕ್ರಮಬದ್ಧ ಮಾಡಿಸಿ.

ಸಬ್ ರಿಜಿಸ್ಟ್ರಾರ್ ಕಡೆಯಿಂದ ಋಣಭಾರ ಪತ್ರ, ಜನ ಹೇಳುವ ಇ.ಸಿ. ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬಹುದು. ಒಮ್ಮೆಗೇ 30 ವರ್ಷದ್ದು ತೆಗೆಯಿರಿ. ಸಹಕಾರಿ ಬ್ಯಾಂಕಿನಿಂದ ಕೃಷಿ ಸಾಲ ತೆಗೆದಿದ್ದರೆ ಅದರಲ್ಲಿ 'ಗಹಾನ್' (ಸಾಲಕ್ಕೆ ಜಾಗದ ಮೇಲೆ ಹಾಕಿದ ಅಡಮಾನ) ಕಾಣುತ್ತದೆ. ಸಾಲ ತೀರಿಸಿ ಹತ್ತು ವರ್ಷವಾದರೂ ಗಹಾನ್ ಬಿಡುಗಡೆ ಮಾಡಿಸದೆ ಇದ್ದರೆ ಹಾಗೆಯೇ ನಿಂತಿರುತ್ತದೆ. ನಮ್ಮದರಲ್ಲಿ ಅಪ್ಪ ಯಾವಾಗಲೋ ತೆಗೆದಿದ್ದ ಪಂಪ್‌ಸೆಟ್ ಸಾಲದ ಗಹಾನ್ ಇತ್ತು. ಸೊಸೈಟಿಗೆ ಹೋಗಿ ಬಿಡುಗಡೆ ಪತ್ರ ಮಾಡಿಸಿ, ಮತ್ತೊಮ್ಮೆ ಇ.ಸಿ. ತೆಗೆದೆವು.

3. ಸಹಿ ಹಾಕಬೇಕಾದವರು ಯಾರೆಲ್ಲ?

ಆಧಾರ ಇರುವವರು ತೀರಿಹೋಗಿದ್ದರೆ ವಾರಸುದಾರರೆಲ್ಲರೂ ಮಾಲಕರು. ತಾಲೂಕು ಕಚೇರಿಯಿಂದ ವಾರಸು ಸರ್ಟಿಫಿಕೇಟ್ ಬೇಕು. ಗೆಜೆಟಿನಲ್ಲಿ ಪ್ರಕಟಿಸಿ ತಕರಾರಿಗೆ ಸಮಯ ಕೊಡುವುದರಿಂದ ಅದು ಕೂಡಲೇ ಸಿಗುವುದಿಲ್ಲ. ಅದಾದ ಮೇಲೆ ಪೋಕ್ಕುವರವು (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿ ತೆರಿಗೆ ವಾರಸುದಾರರ ಹೆಸರಿಗೆ ಬರಬೇಕು.

ಇಲ್ಲಿ ಎರಡು ದಾರಿ. ಎಲ್ಲರೂ ಒಟ್ಟಿಗೆ ಮಾರಾಟದ ಆಧಾರಕ್ಕೆ ಸಹಿ ಹಾಕುವುದು ಒಂದು. ಎಲ್ಲರೂ ಒಬ್ಬರಿಗೆ ಹಕ್ಕು ಬಿಟ್ಟುಕೊಟ್ಟು, ಅವರೊಬ್ಬರೇ ಮಾರುವುದು ಇನ್ನೊಂದು. ಕುಟುಂಬದೊಳಗಿನ ಹಕ್ಕುಬಿಡುಗಡೆಗೆ ಮುದ್ರಾಂಕ ಶುಲ್ಕ ತುಂಬಾ ಕಡಿಮೆ. ಆದರೆ ಆ ಮೇಲೆ ದುಡ್ಡು ಪೂರ್ತಿ ಒಬ್ಬರ ಹೆಸರಿಗೇ ಬರುತ್ತದೆ, ಆದಾಯ ತೆರಿಗೆಯೂ ಅವರ ತಲೆಗೇ. ನಾವು ಮೊದಲನೆಯ ದಾರಿ ಹಿಡಿದೆವು. ಪ್ರತಿಯೊಬ್ಬರ ಪಾಲು ಅವರವರ ಖಾತೆಗೆ ನೇರ ಬಿತ್ತು. ಅಕ್ಕ–ತಮ್ಮಂದಿರ ನಡುವೆ ಮಾತು ಬೆಳೆಯಲು ಅವಕಾಶವೇ ಇರಲಿಲ್ಲ.

ಗಲ್ಫಿನಲ್ಲಿರುವವರು ಬರಲಾಗದಿದ್ದರೆ ಪವರ್ ಆಫ್ ಅಟಾರ್ನಿ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕು. ಯಾವ ಸರ್ವೆ ನಂಬರ್, ಎಷ್ಟು ಜಾಗ, ಮಾರುವ ಹಕ್ಕು, ಆಧಾರಕ್ಕೆ ಸಹಿ ಹಾಕುವ ಹಕ್ಕು ಎಲ್ಲ ಬಿಡಿಸಿ ಬರೆದಿರಲಿ.

4. ಕ್ರಯ ಹೇಳುವ ಮೊದಲು

ಸುಮ್ನೆ ಪಕ್ಕದವರು ಹೇಳಿದ ರೇಟು ಹಿಡಿಯಬೇಡಿ. ಜಾಗಕ್ಕೆ ಬೇರೆ, ಮನೆಗೆ ಬೇರೆ ಲೆಕ್ಕ ಹಾಕಿ. ಕಳೆದ ಒಂದೆರಡು ವರ್ಷದಲ್ಲಿ ಅದೇ ರಸ್ತೆಯಲ್ಲಿ ನಿಜವಾಗಿ ಆಧಾರ ಆದ ಮೂರು ಮಾರಾಟದ ಬಗ್ಗೆ ವಿಚಾರಿಸಿ. ಕೇಳಿದ ಕ್ರಯ ಅಲ್ಲ, ಕೊಟ್ಟ ಕ್ರಯ ಮುಖ್ಯ. ಮನೆಗೆ ಈಗ ಚದರ ಅಡಿಗೆ ಕಟ್ಟುವ ಖರ್ಚು ಒಬ್ಬ ಕಂಟ್ರಾಕ್ಟರರನ್ನು ಕೇಳಿ, ಹಳತಾದದ್ದಕ್ಕೆ ಕಳೆಯಿರಿ. ಸರಕಾರದ ನ್ಯಾಯಬೆಲೆ ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿದರೆ ಸಿಗುತ್ತದೆ. ಅದು ನೋಂದಣಿಗೆ ಬೇಕಾದ ಕನಿಷ್ಠ ಬೆಲೆ, ಮಾರುಕಟ್ಟೆ ಬೆಲೆಯಲ್ಲ.

ಕೊಳ್ಳುವವರ ಖರ್ಚೂ ತಲೆಯಲ್ಲಿರಲಿ. ಕೇರಳದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿ ಶುಲ್ಕ 2. ಒಟ್ಟು 10. ನಮ್ಮ ಕಡೆ ಇದನ್ನು ಕೊಳ್ಳುವವರೇ ಕೊಡುವುದು ರೂಢಿ. 60 ಲಕ್ಷದ ಮನೆಗೆ ಅವರ ಕೈಯಿಂದ ಇನ್ನೂ 6 ಲಕ್ಷ. ಮಂಗಳೂರು ಕಡೆಯಿಂದ ಬರುವವರಿಗೆ ಇದು ಗೊತ್ತೇ ಇರುವುದಿಲ್ಲ. ಮೊದಲ ಭೇಟಿಯಲ್ಲೇ ಹೇಳಿ.

5. ಮನೆ ತೋರಿಸಲು ತಯಾರಿ

ಫೋಟೋ ತೆಗೆಯಲು ಒಳ್ಳೆಯ ಕಾಲ ನವೆಂಬರ್, ಡಿಸೆಂಬರ್. ಮಳೆ ನಿಂತು ಹಿತ್ತಲು ಹಸಿರಾಗಿರುತ್ತದೆ. ಆಟಿಯಲ್ಲಿ (ಜುಲೈ–ಆಗಸ್ಟಿನ ಮಳೆ ತಿಂಗಳು) ಬೋರ್ಡು ಹಾಕಿದರೆ ಯಾರೂ ಬರುವುದಿಲ್ಲ. ಮಲಯಾಳಿಗಳಿಗೂ ಆ ತಿಂಗಳು, ಅವರ ಕರ್ಕಟಕ, ಆಗದು.

ಆದರೆ ಬಾವಿಯ ವೀಡಿಯೋ ಮಾತ್ರ ಎಪ್ರಿಲ್ ಕೊನೆಯಲ್ಲಿ ತೆಗೆದಿಡಿ. ನಮ್ಮ ಜಿಲ್ಲೆಯಲ್ಲಿ ಮನೆ ನೋಡಲು ಬಂದವರು ಮೊದಲು ಕೇಳುವುದು "ಬೇಸಿಗೆಯಲ್ಲಿ ನೀರು ಉಂಟಾ?" ಎಂದು. ಮುರಕಲ್ಲಿನ ಗುಡ್ಡದಲ್ಲಿ ಸುರಂಗ ಕೊರೆದು ನೀರು ತಂದ ಊರು ಇದು. ನಾನು ಆ ದಿನದ ಪೇಪರನ್ನು ಬಾವಿಕಟ್ಟೆಯ ಮೇಲೆ ಇಟ್ಟು, ಕೊಡಪಾನವನ್ನು ಹಗ್ಗದಲ್ಲಿ ಇಳಿಸಿ ನೀರಿಗೆ ಮುಟ್ಟುವವರೆಗೆ ಒಂದೇ ವೀಡಿಯೋ ಮಾಡಿದೆ. ಎತ್ತಿದ ಮೇಲೆ ಒದ್ದೆಯಾದ ಹಗ್ಗವನ್ನು ಮೊಳದಲ್ಲಿ ಅಳೆದು ತೋರಿಸಿದೆ. ಡಿಸೆಂಬರಿನಲ್ಲಿ ಬಂದ ಮೂರು ಕುಟುಂಬದವರೂ ಅದನ್ನು ಎರಡೆರಡು ಸಲ ನೋಡಿದರು. ಬೇರೆ ಯಾವ ಫೋಟೋಕ್ಕೂ ಅಷ್ಟು ಬೆಲೆ ಬರಲಿಲ್ಲ.

ಹಂಚು ಒಡೆದಿದ್ದರೆ ಬದಲಿಸಿ, ನಳ್ಳಿ ಸೋರುತ್ತಿದ್ದರೆ ಸರಿಮಾಡಿಸಿ, ಸುಣ್ಣ–ಬಣ್ಣ ಮಾಡಿಸಿ. ಸೋರುವ ಗೋಡೆಗೆ ಬಣ್ಣ ಬಳಿದು ಮುಚ್ಚುವುದು ಮಾತ್ರ ಬೇಡ. ಮೊದಲ ಮಳೆಗೇ ಗೊತ್ತಾಗುತ್ತದೆ, ಆಮೇಲೆ ಅದೇ ಊರಿನಲ್ಲಿ ಮುಖ ತೋರಿಸಬೇಕಲ್ಲ.

6. ಸುದ್ದಿ ಹರಡುವುದು

ಬೋರ್ಡು ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ಕುಟುಂಬದ, ಊರಿನ, ಗಲ್ಫಿನ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸಿ. ಓಎಲ್ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಹಾಕಿ. ನಮಗೆ ಗಿರಾಕಿ ಸಿಕ್ಕಿದ್ದು ಊರಿನ ಅಂಗಡಿಯವರ ಮೂಲಕ. ಆದ್ದರಿಂದ ಹಾಲು ಸೊಸೈಟಿ, ರೇಷನ್ ಅಂಗಡಿ, ಆಟೋ ಸ್ಟ್ಯಾಂಡ್ ಇವನ್ನೂ ಬಿಡಬೇಡಿ. ಜಾಹೀರಾತಿನಲ್ಲಿ ನಾವು ಬರೆದದ್ದು ಇಷ್ಟೇ:

"ಬದಿಯಡ್ಕ ಪೇಟೆಯಿಂದ 3 ಕಿ.ಮೀ. 14.5 ಸೆಂಟ್ಸ್ ಪುರಯಿಡಂ, 1,350 ಚದರ ಅಡಿಯ ಆರ್‌ಸಿಸಿ ಮನೆ, 3 ಕೋಣೆ. ಎಪ್ರಿಲಿನಲ್ಲೂ ನೀರಿರುವ ಬಾವಿ, ವೀಡಿಯೋ ಇದೆ. ಮನೆ ಬಾಗಿಲಿಗೆ ಕಾರು ಬರುತ್ತದೆ. ಸಾಲ ಇಲ್ಲ, ಕಾಗದಪತ್ರ ತಯಾರು. ಮಾಲಕರೇ ಮಾರುತ್ತಿದ್ದಾರೆ."

ಕ್ರಯ ಬರೆದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬರೆಯದಿದ್ದರೆ ದಿನಕ್ಕೆ ಇಪ್ಪತ್ತು ಫೋನು ಬರುತ್ತದೆ, ಹದಿನೆಂಟು ಸುಮ್ನೆ ರೇಟು ಕೇಳಲು.

"ನಾನು ಮಿಲಿಟರಿಯಲ್ಲಿದ್ದೇನೆ, ಮನೆ ನೋಡುವುದು ಬೇಡ, ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎನ್ನುವ ಫೋನು ಬಂದರೆ ಕೂಡಲೇ ಇಟ್ಟುಬಿಡಿ. ದುಡ್ಡು ಪಡೆಯಲು ನಾವು ಸ್ಕ್ಯಾನ್ ಮಾಡಬೇಕಾಗಿಯೇ ಇಲ್ಲ, ಪಿನ್ ಹಾಕಬೇಕಾಗಿಯೂ ಇಲ್ಲ. ಆಧಾರದ ಕಾಪಿ ಕೊಡುವಾಗ ಪ್ರತಿ ಪುಟದ ಮೇಲೂ ಅಡ್ಡಲಾಗಿ 'ಪರಿಶೀಲನೆಗೆ ಮಾತ್ರ' ಎಂದು ಬರೆದು, ಯಾರಿಗೆ ಕೊಟ್ಟದ್ದು ಎಂದು ಹೆಸರು, ತಾರೀಕು ಹಾಕಿ.

ಮಂಗಳೂರಿನವರು ಬಂದರೆ ಆರ್‌ಟಿಸಿ ಕೇಳುತ್ತಾರೆ, 9/11 (ಅಲ್ಲಿನ ಪಂಚಾಯತ್ ಕೊಡುವ ಫಾರಂ 9 ಮತ್ತು 11) ಕೇಳುತ್ತಾರೆ. ಕೇರಳದಲ್ಲಿ ಅವೆರಡೂ ಇಲ್ಲ. ತೆರಿಗೆ ರಶೀದಿ, ತಂಡಪೇರ್, ಕೈವಶ ಸರ್ಟಿಫಿಕೇಟ್ ತೋರಿಸಿ ವಿವರಿಸಿ. ಗಲ್ಫಿನ ಗಿರಾಕಿಗೆ ಮನೆ ಕೊಳ್ಳಲು ಅಡ್ಡಿಯಿಲ್ಲ, ಆದರೆ ಅನಿವಾಸಿಗಳು ಅಡಿಕೆ ತೋಟ, ಕೃಷಿಭೂಮಿ ಕೊಳ್ಳುವಂತಿಲ್ಲ. ಮನೆ ಜೊತೆ ತೋಟವೂ ಇದ್ದರೆ ಎರಡನ್ನೂ ಬೇರೆಬೇರೆ ಮಾರಬೇಕೇ ಎಂದು ಮೊದಲೇ ಯೋಚಿಸಿ.

7. ಮಾತುಕತೆ, ಎಗ್ರಿಮೆಂಟ್, ಮುಂಗಡ

ಮಾತಾಡಲು ಮನೆಯವರಲ್ಲಿ ಒಬ್ಬರೇ ಇರಲಿ. ನಮ್ಮಲ್ಲಿ ಅಮ್ಮ ಚಾ ಕೊಡುತ್ತಾ "ನನಗೆ ಇನ್ನು ಇಲ್ಲಿ ಇರಲು ಆಗುವುದಿಲ್ಲ, ಬೇಗ ಆದರೆ ಸಾಕು" ಎಂದುಬಿಟ್ಟರು. ಬಂದವರು ಅಲ್ಲೇ ಮೂರು ಲಕ್ಷ ಇಳಿಸಿ ಕೇಳಿದರು. ಆಮೇಲೆ ಕ್ರಯದ ಮಾತನ್ನು ಅಕ್ಕ ಒಬ್ಬಳೇ ಆಡುವುದು ಎಂದು ಮಾಡಿಕೊಂಡೆವು.

ಒಪ್ಪಿಗೆಯಾದ ಕೂಡಲೇ ಮುದ್ರಾಂಕ ಕಾಗದದಲ್ಲಿ ಎಗ್ರಿಮೆಂಟ್. ಪೂರ್ತಿ ಕ್ರಯ, ಮುಂಗಡ ಎಷ್ಟು, ಬಾಕಿ ಯಾವ ತಾರೀಕಿನೊಳಗೆ, ಗಡುವು ತಪ್ಪಿದರೆ ಏನು, ಮಾರುವವರು ಹಿಂದೆ ಸರಿದರೆ ಏನು, ಕಟ್ಟಿದ ಕಪಾಟು, ಪಂಪ್, ಇನ್ವರ್ಟರ್ ಮನೆ ಜೊತೆ ಹೋಗುತ್ತದೆಯೇ, ಈ ವರ್ಷದ ತೆಂಗಿನಕಾಯಿ ಯಾರಿಗೆ, ಎಲ್ಲ ಬರೆಯಿರಿ. ಸಾಲ ಮಾಡುವ ಗಿರಾಕಿಯಾದರೆ ಮೂರು ತಿಂಗಳು ಬೇಕಾಗಬಹುದು. ಮುಂಗಡ ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲು.

ಮುಂಗಡ ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಿ. ಮನೆ, ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ. ಪಡೆದಷ್ಟೇ ಮೊತ್ತ ದಂಡ ಬೀಳಬಹುದು, ಅದೂ ಪಡೆದವರಿಗೆ, ಅಂದರೆ ನಮಗೆ. "ಆಧಾರದಲ್ಲಿ ಕಡಿಮೆ ತೋರಿಸೋಣ, ಉಳಿದದ್ದು ಕೈಗೆ" ಎಂದು ಕೇಳುವವರು ಇದ್ದಾರೆ. ನಾವು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಕೈಗೆ ಬಂದ ದುಡ್ಡಿನಿಂದ ಮುಂದೆ ಮನೆ ಕೊಳ್ಳುವಾಗ ಎಲ್ಲಿಂದ ಬಂತು ಎಂದು ತೋರಿಸಲು ಏನೂ ಇರುವುದಿಲ್ಲ.

ಮುಂಗಡ ಬಂದರೂ ಮೂಲ ಆಧಾರ ಕೊಡಬೇಡಿ, ಕೀಲಿಕೈಯನ್ನೂ ಕೊಡಬೇಡಿ. "ಸ್ವಲ್ಪ ಪೈಂಟ್ ಮಾಡಿಸುತ್ತೇವೆ" ಎಂದರೂ ಬೇಡ. ನಿಮ್ಮ ಮೇಲೆ ಸಾಲ ಇದ್ದರೆ, ಬಾಕಿ ಎಷ್ಟೆಂದು ಬ್ಯಾಂಕಿನಿಂದ ಪತ್ರ ತಂದು, ಗಿರಾಕಿಯ ದುಡ್ಡು ನೇರ ಸಾಲದ ಖಾತೆಗೇ ಹೋಗುವಂತೆ ಬರೆಸಿ.

8. ಆಧಾರದ ದಿನ

ಆಧಾರವನ್ನು ಆಧಾರ ಬರೆಯುವವರಿಂದ ಬರೆಸಬಹುದು. ಕೇರಳದಲ್ಲಿ ಸ್ವತಃ ಬರೆದುಕೊಳ್ಳಲೂ ಅವಕಾಶವಿದೆ, ಮಾದರಿಗಳು ಇಲಾಖೆಯ ವೆಬ್‌ಸೈಟಿನಲ್ಲಿವೆ. ನಾನು ಮಾತ್ರ ಇಲ್ಲಿ ಖರ್ಚು ಉಳಿಸಬೇಡಿ ಎನ್ನುತ್ತೇನೆ. ಮಲಯಾಳದಲ್ಲಿ ಬರೆದ ಆಧಾರವನ್ನು ಸಹಿಗೆ ಮೊದಲು ಸಾಲುಸಾಲಾಗಿ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸಿ. ಸರ್ವೆ ನಂಬರ್, ಆರ್ ಲೆಕ್ಕ, ಚಕ್ಕುಬಂದಿ, ಹೆಸರಿನ ಅಕ್ಷರ ಇವನ್ನು ಬೆರಳಿಟ್ಟು ನೋಡಿ. ಅಮ್ಮನ ಹೆಸರಿನ ಒಂದು ಅಕ್ಷರ ಆಧಾರ್ ಕಾರ್ಡಿನಲ್ಲಿ ಇದ್ದಂತೆ ಇರಲಿಲ್ಲ. ಕರಡಿನಲ್ಲೇ ಸಿಕ್ಕಿತು. ನೋಂದಣಿಯಾದ ಮೇಲೆ ಸಿಕ್ಕಿದ್ದರೆ ತಿದ್ದುಪಡಿ ಆಧಾರ ಮಾಡಬೇಕಿತ್ತು.

ಆ ದಿನ ಮೂಲ ಆಧಾರ, ಈ ವರ್ಷದ ತೆರಿಗೆ ರಶೀದಿ, ಗುರುತಿನ ಕಾರ್ಡು, ಪಾನ್ ಕಾರ್ಡು, ಇಬ್ಬರು ಸಾಕ್ಷಿಗಳು ಬೇಕು. ಬಾಕಿ ದುಡ್ಡು ಸಹಿಗೆ ಮೊದಲು ಕೈಸೇರಬೇಕು. ಡಿಡಿ ಆದರೆ ಕೊಟ್ಟ ಬ್ಯಾಂಕಿಗೆ ಫೋನು ಮಾಡಿ ಖಚಿತಪಡಿಸಿ, ನಂಬರನ್ನು ಆಧಾರದಲ್ಲೇ ಬರೆಸಿ. ಆರ್‌ಟಿಜಿಎಸ್ ಆದರೆ ಖಾತೆಗೆ ಬಿದ್ದದ್ದು ಕಣ್ಣಾರೆ ನೋಡಿ ಸಹಿ ಹಾಕಿ.

9. ತೆರಿಗೆ

ಕ್ರಯ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ನೂರಕ್ಕೆ 1 ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿದು ನಿಮ್ಮ ಪಾನ್ ನಂಬರಿಗೆ ಕಟ್ಟುತ್ತಾರೆ, ಅದರ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಮಾರುವವರು ಅನಿವಾಸಿಯಾದರೆ ಹಿಡಿಯುವುದು ಇದಕ್ಕಿಂತ ತುಂಬಾ ಜಾಸ್ತಿ. ತಮ್ಮನ ಪಾಲಿಗೆ ಇದೇ ಆಯಿತು. ಇದಕ್ಕೆ ಆಡಿಟರರನ್ನು ಎಗ್ರಿಮೆಂಟಿಗೆ ಮೊದಲೇ ಕಾಣಬೇಕು.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಮನೆಯಾದರೆ ಲಾಭಕ್ಕೆ ನೂರಕ್ಕೆ 12.5 ತೆರಿಗೆ. 2024ರ ಜುಲೈ 23ಕ್ಕೆ ಮೊದಲು ಕೊಂಡದ್ದಾದರೆ, ಇಲ್ಲೇ ನೆಲೆಸಿರುವವರು ಬೆಲೆಯೇರಿಕೆ ಸೂಚ್ಯಂಕ ಹಿಡಿದು ನೂರಕ್ಕೆ 20ರ ಲೆಕ್ಕವನ್ನೂ ಹಾಕಿ ನೋಡಬಹುದು, ಯಾವುದು ಕಡಿಮೆಯೋ ಅದು. ಪಿತ್ರಾರ್ಜಿತವಾದರೆ ಹಿರಿಯರು ಇದ್ದ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ. 2001ರ ಎಪ್ರಿಲ್ 1ಕ್ಕೆ ಮೊದಲಿನದ್ದಾದರೆ ಆ ದಿನದ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಬಹುದು. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿದರೆ ಆ ಲಾಭಕ್ಕೆ ವಿನಾಯಿತಿ ಇದೆ.

10. ಕೀಲಿಕೈ ಕೊಟ್ಟ ಮೇಲೆ

ಪೋಕ್ಕುವರವು ಕೊಳ್ಳುವವರ ಹೆಸರಿಗೆ ಆಯಿತೇ ಎಂದು ಕೆಲವು ವಾರ ಕಳೆದು ಕೇಳಿ. ಕೆಎಸ್ಇಬಿ (ಕೇರಳ ವಿದ್ಯುತ್ ಮಂಡಳಿ) ಸಂಪರ್ಕದ ಹೆಸರು ಬದಲಿಸಲು ಒಪ್ಪಿಗೆ ಪತ್ರ ಕೊಡಿ. ಅಲ್ಲಿ ನಿಮ್ಮ ಡಿಪಾಸಿಟ್ ಇರುತ್ತದೆ, ಅದರ ಲೆಕ್ಕವನ್ನೂ ಮಾತಾಡಿಕೊಳ್ಳಿ. ಕೊನೆಯ ಮೀಟರ್ ರೀಡಿಂಗ್ ಫೋಟೋ ತೆಗೆದಿಡಿ. ಕಟ್ಟಡ ತೆರಿಗೆ ಪಂಚಾಯತಿನಲ್ಲಿ ಬದಲಾಗದಿದ್ದರೆ ನೋಟೀಸು ಇನ್ನೂ ನಿಮಗೇ ಬರುತ್ತಿರುತ್ತದೆ.

ಮನೆ ಬಿಡುವ ದಿನ ಅಮ್ಮ ಹೊಸಬರನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋದರು. ಪಂಪ್ ಎಷ್ಟು ಹೊತ್ತು ಹಾಕಿದರೆ ಟ್ಯಾಂಕಿ ತುಂಬುತ್ತದೆ, ಯಾವ ವಾಲ್ವ್ ತಿರುಗಿಸಿದರೆ ತೋಟಕ್ಕೆ ಹೋಗುತ್ತದೆ, ಜೋರು ಮಳೆಗೆ ಹಿಂದಿನ ತೋಡಿನ ಕಸ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದೆಲ್ಲ ತೋರಿಸಿಕೊಟ್ಟರು. ಆ ಮನೆಯ ಹೆಂಗಸು ಎಲ್ಲವನ್ನೂ ಮೊಬೈಲಿನಲ್ಲಿ ವೀಡಿಯೋ ಮಾಡಿಕೊಂಡರು. ಈಗಲೂ ಮಳೆಗಾಲಕ್ಕೆ ಮೊದಲು ಅಮ್ಮನಿಗೆ ಒಂದು ಫೋನು ಬರುತ್ತದೆ.